ವಿಂಡೋ ಮ್ಯಾನೇಜರ್ ಆರಂಭದ ವೈಫಲ್ಯ

ವಿಂಡೋ ಮ್ಯಾನೇಜರ್ ಆರಂಭದ ವೈಫಲ್ಯ ಎಂಬುದು ಗಣಕಯಂತ್ರದ ಪರದೆಯ ಮೇಲಿನ ಕಿಟಕಿಗಳನ್ನು ನಿರ್ವಹಿಸುವ ತಂತ್ರಾಂಶವು ಲಾಗಿನ್ ಆದ ನಂತರ ಚಾಲನೆಗೆ ಬಾರದಿರುವ, ಅಥವಾ ಚಾಲನೆಗೆ ಬಂದ ಕೂಡಲೇ ಕೊನೆಗೊಳ್ಳುವ ಸ್ಥಿತಿ. ಕಿಟಕಿಗಳಿಗೆ ಶೀರ್ಷಿಕೆಪಟ್ಟಿ ಇಲ್ಲದಿರುವುದು, ಪರದೆ ಖಾಲಿಯಾಗಿರುವುದು, ಗುಪ್ತಪದ ಸರಿಯಾಗಿದ್ದರೂ ಲಾಗಿನ್ ಪರದೆಯೇ ಮತ್ತೆ ಕಾಣಿಸುವುದು ಇದರ ಸಾಮಾನ್ಯ ಲಕ್ಷಣಗಳು. ಲಿನಕ್ಸ್ ಮತ್ತು ಬಿಎಸ್‌ಡಿ ಕುಟುಂಬದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ವಿಂಡೋ ಮ್ಯಾನೇಜರ್ ಒಂದು ಪ್ರತ್ಯೇಕ ತಂತ್ರಾಂಶವಾಗಿರುವುದರಿಂದ ಈ ವೈಫಲ್ಯವು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಗೋಚರಿಸುತ್ತದೆ. ಈ ಲೇಖನವು ಮುಖ್ಯವಾಗಿ ಆ ವ್ಯವಸ್ಥೆಗೆ ಸಂಬಂಧಿಸಿದೆ.

ವಿಂಡೋ ಮ್ಯಾನೇಜರ್ ಆರಂಭವಾಗದ ಮಾತ್ರಕ್ಕೆ ಬಳಕೆದಾರರ ಕಡತಗಳು ಅಳಿಯುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯೂ ಸುಸ್ಥಿತಿಯಲ್ಲಿಯೇ ಇರುತ್ತದೆ. ಖಾಲಿ ಪರದೆಯನ್ನು ಕಂಡು ಇಡೀ ವ್ಯವಸ್ಥೆ ಹಾಳಾಯಿತೆಂದು ಭಾವಿಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಮೂಲ ದೋಷಕ್ಕಿಂತ ದೊಡ್ಡ ನಷ್ಟವನ್ನು ತರಬಲ್ಲದು. ದೋಷವು ಯಾವ ಪದರದಲ್ಲಿದೆ ಎಂಬುದನ್ನು ಮೊದಲು ಗುರುತಿಸುವುದೇ ಪರಿಹಾರದ ಮುಖ್ಯ ಹಂತ.

== ಹಿನ್ನೆಲೆ ==

ಎಕ್ಸ್ ವಿಂಡೋ ವ್ಯವಸ್ಥೆಯ ಅಭಿವೃದ್ಧಿಯು 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆರಂಭವಾಯಿತು. ಅದರ ಹನ್ನೊಂದನೆಯ ಆವೃತ್ತಿಯಾದ ಎಕ್ಸ್11 ಸೆಪ್ಟೆಂಬರ್ 1987ರಲ್ಲಿ ಬಿಡುಗಡೆಯಾಯಿತು. ಇಂದಿಗೂ ಬಳಕೆಯಲ್ಲಿರುವುದು ಇದೇ ಆವೃತ್ತಿಯ ಪ್ರೋಟೊಕಾಲ್. ಪರದೆಯ ಮೇಲೆ ಚಿತ್ರ ಬಿಡಿಸುವ, ಕೀಲಿಮಣೆ ಹಾಗೂ ಮೌಸ್‌ನ ಸಂಕೇತಗಳನ್ನು ಹಂಚುವ ಸಾಧನಗಳನ್ನು ಮಾತ್ರ ಎಕ್ಸ್ ಸರ್ವರ್ ಒದಗಿಸಬೇಕು. ಕಿಟಕಿಗಳ ರೂಪ ಮತ್ತು ವರ್ತನೆ ಹೇಗಿರಬೇಕೆಂಬುದನ್ನು ಅದು ನಿರ್ಧರಿಸಬಾರದು ಎಂಬುದು ಇದರ ವಿನ್ಯಾಸದ ಮೂಲತತ್ವ. ಹೀಗಾಗಿ ಕಿಟಕಿಗೆ ಚೌಕಟ್ಟು ಹಾಕುವ, ಅದನ್ನು ಸರಿಸುವ, ಹಿಗ್ಗಿಸುವ, ಮರೆಮಾಡುವ ಕೆಲಸವು ವಿಂಡೋ ಮ್ಯಾನೇಜರ್ ಎಂಬ ಬೇರೊಂದು ತಂತ್ರಾಂಶದ ಪಾಲಿಗೆ ಬಂದಿತು.

ಆರಂಭಿಕ ವಿಂಡೋ ಮ್ಯಾನೇಜರ್‌ಗಳಲ್ಲಿ 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಬರೆದ ಟಿಡಬ್ಲ್ಯುಎಂ ಪ್ರಸಿದ್ಧವಾದುದು. 1993ರಲ್ಲಿ ರಾಬರ್ಟ್ ನೇಷನ್ ಇದನ್ನು ಆಧರಿಸಿ ಎಫ್‌ವಿಡಬ್ಲ್ಯುಎಂ ರೂಪಿಸಿದರು. ಓಪನ್‌ಬಾಕ್ಸ್, ಐಸ್‌ಡಬ್ಲ್ಯುಎಂ, ಡಿಡಬ್ಲ್ಯುಎಂ, ಆಸಮ್, ಐ3 ಮುಂತಾದವು ಸ್ವತಂತ್ರವಾಗಿ ಬಳಸಬಹುದಾದ ವಿಂಡೋ ಮ್ಯಾನೇಜರ್‌ಗಳು. ಸಂಪೂರ್ಣ ಡೆಸ್ಕ್‌ಟಾಪ್ ಪರಿಸರಗಳು ತಮ್ಮದೇ ವಿಂಡೋ ಮ್ಯಾನೇಜರ್ ಹೊಂದಿವೆ: ಗ್ನೋಮ್‌ನಲ್ಲಿ ಮಟರ್, ಕೆಡಿಇಯಲ್ಲಿ ಕೆವಿನ್, ಎಕ್ಸ್‌ಎಫ್‌ಸಿಇಯಲ್ಲಿ ಎಕ್ಸ್‌ಎಫ್‌ಡಬ್ಲ್ಯುಎಂ4, ಮಾಟೆಯಲ್ಲಿ ಮಾರ್ಕೊ.

== ಆರಂಭದ ಕ್ರಮ ==

ಗಣಕಯಂತ್ರವನ್ನು ಚಾಲೂ ಮಾಡಿದಾಗಿನಿಂದ ಡೆಸ್ಕ್‌ಟಾಪ್ ಕಾಣಿಸುವವರೆಗೆ ಹಲವು ತಂತ್ರಾಂಶಗಳು ಒಂದರ ನಂತರ ಒಂದು ಕೆಲಸ ಮಾಡುತ್ತವೆ:

1. ಕರ್ನಲ್ ಮತ್ತು ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ಸಿದ್ಧಗೊಳಿಸುತ್ತವೆ.
2. ಎಕ್ಸ್ ಸರ್ವರ್ ಆರಂಭವಾಗುತ್ತದೆ.
3. ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ ಮೊದಲಾದ ಡಿಸ್‌ಪ್ಲೇ ಮ್ಯಾನೇಜರ್ ಲಾಗಿನ್ ಪರದೆಯನ್ನು ತೋರಿಸುತ್ತದೆ. ಇದು ಇಲ್ಲದ ವ್ಯವಸ್ಥೆಗಳಲ್ಲಿ ಬಳಕೆದಾರರು ಪಠ್ಯ ಕನ್ಸೋಲ್‌ನಿಂದ 'ಸ್ಟಾರ್ಟ್‌ಎಕ್ಸ್' ಆದೇಶವನ್ನು ನೀಡುತ್ತಾರೆ.
4. ಸೆಷನ್ ಸ್ಕ್ರಿಪ್ಟ್ ಓಡುತ್ತದೆ. 'ಸ್ಟಾರ್ಟ್‌ಎಕ್ಸ್' ಬಳಸುವವರಿಗೆ ಇದು ಹೋಮ್ ಕಡತಕೋಶದಲ್ಲಿರುವ, ಚುಕ್ಕೆಯಿಂದ ಆರಂಭವಾಗುವ 'ಎಕ್ಸ್‌ಇನಿಟ್‌ಆರ್‌ಸಿ' ಕಡತ.
5. ಆ ಸ್ಕ್ರಿಪ್ಟ್ ಅಥವಾ ಡೆಸ್ಕ್‌ಟಾಪ್ ಪರಿಸರದ ಸೆಷನ್ ನಿರ್ವಾಹಕವು ವಿಂಡೋ ಮ್ಯಾನೇಜರನ್ನು ಕರೆಯುತ್ತದೆ.

ಎಕ್ಸ್ ಸರ್ವರ್‌ನ ದೃಷ್ಟಿಯಲ್ಲಿ ವಿಂಡೋ ಮ್ಯಾನೇಜರ್ ಇತರ ತಂತ್ರಾಂಶಗಳಂತೆಯೇ ಒಂದು ಕ್ಲೈಂಟ್. ಅದಕ್ಕೆ ಇರುವ ವಿಶೇಷ ಹಕ್ಕು ಒಂದೇ: ಮೂಲ ಕಿಟಕಿಯ ಒಳಗೆ ಹೊಸ ಕಿಟಕಿ ತೆರೆಯಲು ಅಥವಾ ಗಾತ್ರ ಬದಲಿಸಲು ಇತರ ಕ್ಲೈಂಟ್‌ಗಳು ಸಲ್ಲಿಸುವ ಕೋರಿಕೆಗಳು ನೇರವಾಗಿ ಜಾರಿಯಾಗದೆ ಮೊದಲು ಅದರ ಬಳಿಗೆ ಬರುತ್ತವೆ. ಇದನ್ನು 'ಸಬ್‌ಸ್ಟ್ರಕ್ಚರ್ ರಿಡೈರೆಕ್ಟ್' ಎನ್ನುತ್ತಾರೆ. ಒಂದು ಪರದೆಯಲ್ಲಿ ಈ ಹಕ್ಕು ಒಂದು ಸಮಯಕ್ಕೆ ಒಬ್ಬರಿಗೆ ಮಾತ್ರ ದೊರೆಯುತ್ತದೆ.

== ಲಕ್ಷಣಗಳು ==

ಪರದೆಯ ಮೇಲೆ ಕಾಣುವ ದೃಶ್ಯವೇ ದೋಷದ ಪದರವನ್ನು ಬಹುಮಟ್ಟಿಗೆ ಸೂಚಿಸುತ್ತದೆ.

* ಕಿಟಕಿಗಳು ತೆರೆದಿವೆ, ಆದರೆ ಶೀರ್ಷಿಕೆಪಟ್ಟಿ ಮತ್ತು ಚೌಕಟ್ಟು ಇಲ್ಲ: ಸರ್ವರ್ ಮತ್ತು ಸೆಷನ್ ಸರಿಯಾಗಿವೆ, ವಿಂಡೋ ಮ್ಯಾನೇಜರ್ ಮಾತ್ರ ಓಡುತ್ತಿಲ್ಲ. ಅನೇಕ ಕಿಟಕಿಗಳು ಪರದೆಯ ಎಡ ಮೇಲ್ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ.
* ಕಪ್ಪು ಅಥವಾ ಬೂದು ಪರದೆಯ ಮೇಲೆ ಮೌಸ್‌ನ ಬಾಣ ಮಾತ್ರ ಚಲಿಸುತ್ತಿದೆ: ಸರ್ವರ್ ಜೀವಂತವಾಗಿದೆ, ಸೆಷನ್ ಸ್ಕ್ರಿಪ್ಟ್ ಮುಂದುವರಿದಿಲ್ಲ, ಇಲ್ಲವೇ ವಿಂಡೋ ಮ್ಯಾನೇಜರ್ ಓಡುತ್ತಿದ್ದರೂ ತೋರಿಸಲು ಬೇರೇನೂ ಇಲ್ಲ. ಓಪನ್‌ಬಾಕ್ಸ್‌ನಂತಹ ಸರಳ ವಿಂಡೋ ಮ್ಯಾನೇಜರ್‌ಗಳು ಹಿನ್ನೆಲೆಚಿತ್ರವನ್ನಾಗಲಿ ಕಾರ್ಯಪಟ್ಟಿಯನ್ನಾಗಲಿ ತೋರಿಸುವುದಿಲ್ಲವಾದ್ದರಿಂದ, ಬಲಗುಂಡಿ ಒತ್ತಿದಾಗ ಮೆನು ಬರುವುದೇ ಎಂದು ಮೊದಲು ನೋಡಬೇಕು.
* ಗುಪ್ತಪದ ನೀಡಿದ ನಂತರ ಕ್ಷಣಕಾಲ ಪರದೆ ಕಪ್ಪಾಗಿ ಲಾಗಿನ್ ಪರದೆಯೇ ಮತ್ತೆ ಬರುತ್ತದೆ: ಸೆಷನ್ ಆರಂಭವಾಗಿ ಕೂಡಲೇ ಕೊನೆಗೊಂಡಿದೆ. ಇದನ್ನು 'ಲಾಗಿನ್ ಲೂಪ್' ಎಂದು ಕರೆಯುತ್ತಾರೆ.
* ಲಾಗಿನ್ ಪರದೆಯೇ ಬರುವುದಿಲ್ಲ: ದೋಷವು ಡ್ರೈವರ್, ಎಕ್ಸ್ ಸರ್ವರ್ ಅಥವಾ ಡಿಸ್‌ಪ್ಲೇ ಮ್ಯಾನೇಜರ್‌ನಲ್ಲಿದೆ. ಇಲ್ಲಿ ವಿಂಡೋ ಮ್ಯಾನೇಜರ್‌ನ ಸಂರಚನೆಯನ್ನು ತಿದ್ದುವುದರಿಂದ ಪ್ರಯೋಜನವಿಲ್ಲ.

== ಕಾರಣಗಳು ==

=== ಸೆಷನ್ ಸ್ಕ್ರಿಪ್ಟ್‌ನ ದೋಷಗಳು ===

'ಎಕ್ಸ್‌ಇನಿಟ್‌ಆರ್‌ಸಿ' ಕಡತದ ಆದೇಶಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಜಾರಿಯಾಗುತ್ತವೆ. ಸ್ಕ್ರಿಪ್ಟ್ ಮುಗಿದಾಗ ಎಕ್ಸ್ ಸರ್ವರ್ ಕೂಡ ಮುಗಿಯುತ್ತದೆ. ಈ ನಿಯಮದಿಂದ ಎರಡು ವಿರುದ್ಧ ಬಗೆಯ ತಪ್ಪುಗಳು ಹುಟ್ಟುತ್ತವೆ. ವಿಂಡೋ ಮ್ಯಾನೇಜರ್‌ಗಿಂತ ಮೇಲಿನ ಸಾಲಿನಲ್ಲಿರುವ ಗಡಿಯಾರ ಅಥವಾ ಟರ್ಮಿನಲ್‌ನಂತಹ ತಂತ್ರಾಂಶದ ಮುಂದೆ ಹಿನ್ನೆಲೆಯಲ್ಲಿ ಓಡಿಸುವ 'ಆಂಪರ್‌ಸ್ಯಾಂಡ್' ಚಿಹ್ನೆಯನ್ನು ಬರೆಯದಿದ್ದರೆ, ಅದು ಮುಚ್ಚುವವರೆಗೂ ಸ್ಕ್ರಿಪ್ಟ್ ಅಲ್ಲಿಯೇ ಕಾಯುತ್ತದೆ ಮತ್ತು ವಿಂಡೋ ಮ್ಯಾನೇಜರ್‌ನ ಸರದಿ ಬರುವುದೇ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕೊನೆಯ ಸಾಲಿನಲ್ಲಿರುವ ವಿಂಡೋ ಮ್ಯಾನೇಜರ್‌ಗೇ ಆ ಚಿಹ್ನೆಯನ್ನು ಹಾಕಿದರೆ ಸ್ಕ್ರಿಪ್ಟ್ ತಕ್ಷಣ ಮುಗಿದು ಇಡೀ ಸೆಷನ್ ಮುಚ್ಚಿಹೋಗುತ್ತದೆ. ಕೊನೆಯ ಸಾಲಿನಲ್ಲಿ 'ಎಕ್ಸೆಕ್' ಪದದೊಂದಿಗೆ ವಿಂಡೋ ಮ್ಯಾನೇಜರ್‌ನ ಹೆಸರನ್ನು ಬರೆಯುವುದು ರೂಢಿಯಲ್ಲಿರುವ ಕ್ರಮ.

ವಿಎನ್‌ಸಿ ಮೂಲಕ ದೂರದ ಗಣಕಯಂತ್ರಕ್ಕೆ ಸಂಪರ್ಕಿಸುವಾಗ ಕಾಣುವ ಬೂದು ಪರದೆಗೂ ಅನೇಕ ವೇಳೆ ಕಾರಣ ಇಂತಹದೇ. 'ಎಕ್ಸ್‌ಸ್ಟಾರ್ಟ್‌ಅಪ್' ಎಂಬ ಸ್ಕ್ರಿಪ್ಟ್‌ಗೆ ಜಾರಿಯಾಗುವ ಅನುಮತಿ ಇಲ್ಲದಿರಬಹುದು, ಅಥವಾ ಅದರಲ್ಲಿ ಹೆಸರಿಸಿದ ವಿಂಡೋ ಮ್ಯಾನೇಜರ್ ಆ ಯಂತ್ರದಲ್ಲಿ ಸ್ಥಾಪನೆಯಾಗದೇ ಇರಬಹುದು.

=== ಒಡೆತನ ಮತ್ತು ಅನುಮತಿ ===

ಎಕ್ಸ್ ಸರ್ವರನ್ನು ಸಂಪರ್ಕಿಸುವ ಪ್ರತಿ ಕ್ಲೈಂಟ್ ಒಂದು ಗುಪ್ತ ಸಂಕೇತವನ್ನು ತೋರಿಸಬೇಕಾಗುತ್ತದೆ. ಈ ಸಂಕೇತವು ಸಾಮಾನ್ಯವಾಗಿ ಹೋಮ್ ಕಡತಕೋಶದ 'ಎಕ್ಸ್‌ಅಥಾರಿಟಿ' ಕಡತದಲ್ಲಿ ಇರುತ್ತದೆ. ಕೆಲವು ಡಿಸ್‌ಪ್ಲೇ ಮ್ಯಾನೇಜರ್‌ಗಳು ಅದನ್ನು ಬೇರೆಡೆ ಇಡುತ್ತವೆ. ಬಳಕೆದಾರರು ಎಂದಾದರೂ ರೂಟ್ ಅಧಿಕಾರದೊಂದಿಗೆ 'ಸ್ಟಾರ್ಟ್‌ಎಕ್ಸ್' ಓಡಿಸಿದ್ದರೆ ಆ ಕಡತದ ಒಡೆತನ ರೂಟ್ ಖಾತೆಗೆ ಹೋಗಿರುವ ಸಾಧ್ಯತೆಯಿದೆ. ಮುಂದಿನ ಬಾರಿ ಸಾಮಾನ್ಯ ಖಾತೆಯಿಂದ ಅದನ್ನು ಓದಲಾಗಲಿ ಬರೆಯಲಾಗಲಿ ಆಗದೆ ಲಾಗಿನ್ ಲೂಪ್ ಉಂಟಾಗುತ್ತದೆ. ಕಡತದ ಒಡೆತನವನ್ನು ಮರಳಿಸಿದರೆ, ಅಥವಾ ಅದನ್ನು ಬೇರೆ ಹೆಸರಿಗೆ ಬದಲಿಸಿ ಹೊಸದು ಸೃಷ್ಟಿಯಾಗಲು ಬಿಟ್ಟರೆ ತೊಂದರೆ ನಿವಾರಣೆಯಾಗುತ್ತದೆ.

=== ಡಿಸ್ಕ್ ತುಂಬಿರುವುದು ===

ಸೆಷನ್ ಆರಂಭವಾಗುವಾಗ ಸಣ್ಣ ಸಣ್ಣ ಕಡತಗಳನ್ನು ಬರೆಯುವ ಅಗತ್ಯವಿರುತ್ತದೆ. ಹೋಮ್ ವಿಭಾಗ ಅಥವಾ ತಾತ್ಕಾಲಿಕ ಕಡತಗಳ ವಿಭಾಗ ಪೂರ್ಣ ತುಂಬಿದ್ದರೆ ಈ ಬರಹ ವಿಫಲವಾಗಿ ಸೆಷನ್ ನಿಂತುಹೋಗುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ಪೂರ್ವನಿಯೋಜಿತವಾಗಿ ಶೇ. 5ರಷ್ಟು ಜಾಗವನ್ನು ರೂಟ್ ಖಾತೆಗೆ ಕಾಯ್ದಿರಿಸುತ್ತದೆ. ಆದ್ದರಿಂದ ಸಾಮಾನ್ಯ ಬಳಕೆದಾರರಿಗೆ ಡೆಸ್ಕ್‌ಟಾಪ್ ಬಾರದಿದ್ದರೂ ರೂಟ್ ಖಾತೆಯ ಕೆಲಸಗಳು ಸುಗಮವಾಗಿ ನಡೆಯುವ ವಿಚಿತ್ರ ಸನ್ನಿವೇಶ ಕಂಡುಬರುತ್ತದೆ.

=== ಎರಡು ವಿಂಡೋ ಮ್ಯಾನೇಜರ್‌ಗಳ ಘರ್ಷಣೆ ===

ಒಂದು ವಿಂಡೋ ಮ್ಯಾನೇಜರ್ ಓಡುತ್ತಿರುವಾಗ ಇನ್ನೊಂದನ್ನು ಆರಂಭಿಸಿದರೆ, ಎರಡನೆಯದು ಕೇಳುವ ವಿಶೇಷ ಹಕ್ಕನ್ನು ಸರ್ವರ್ ನಿರಾಕರಿಸುತ್ತದೆ. ಆಗ ಅದು 'ಬೇರೊಂದು ವಿಂಡೋ ಮ್ಯಾನೇಜರ್ ಈಗಾಗಲೇ ಓಡುತ್ತಿದೆ' ಎಂಬರ್ಥದ ಸಂದೇಶ ನೀಡಿ ಕೊನೆಗೊಳ್ಳುತ್ತದೆ. ಹೊಸದೊಂದನ್ನು ಪರೀಕ್ಷಿಸುವ ವಿದ್ಯಾರ್ಥಿಗಳು ಹೆಚ್ಚಾಗಿ ಎದುರಿಸುವ ಸಮಸ್ಯೆ ಇದು. ಇದು ದೋಷವಲ್ಲ, ವ್ಯವಸ್ಥೆಯ ನಿಯಮ. ಓಪನ್‌ಬಾಕ್ಸ್, ಕೆವಿನ್, ಎಕ್ಸ್‌ಎಫ್‌ಡಬ್ಲ್ಯುಎಂ4 ಮೊದಲಾದವುಗಳಿಗೆ 'ರಿಪ್ಲೇಸ್' ಎಂಬ ಆಯ್ಕೆಯಿದ್ದು, ಅದನ್ನು ಬಳಸಿದಾಗ ಹೊಸತು ಹಳೆಯದರಿಂದ ಅಧಿಕಾರವನ್ನು ಪಡೆದುಕೊಳ್ಳುತ್ತದೆ.

=== ಸಂರಚನಾ ಕಡತದ ದೋಷಗಳು ===

ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಸಂರಚನಾ ಕಡತ ಓದಲಾಗದ ಸ್ಥಿತಿಗೆ ಬರಬಹುದು. ಇದಕ್ಕೆ ಪ್ರತಿ ವಿಂಡೋ ಮ್ಯಾನೇಜರ್ ತೋರುವ ಪ್ರತಿಕ್ರಿಯೆ ಬೇರೆ. ಐ3 ಪರದೆಯ ಅಂಚಿನಲ್ಲಿ ಕೆಂಪು ಪಟ್ಟಿಯೊಂದನ್ನು ತೋರಿಸಿ ಕೆಲಸ ಮುಂದುವರಿಸುತ್ತದೆ. ಲುವಾ ಭಾಷೆಯಲ್ಲಿ ಸಂರಚನೆಯಾಗುವ ಆಸಮ್, ಬಳಕೆದಾರರ ಕಡತ ವಿಫಲವಾದಾಗ ವ್ಯವಸ್ಥೆಯ ಮೂಲ ಕಡತಕ್ಕೆ ಮೊರೆಹೋಗುತ್ತದೆ. ಹ್ಯಾಸ್ಕೆಲ್ ಭಾಷೆಯ ಎಕ್ಸ್‌ಮೊನಾಡ್‌ನಲ್ಲಿ ಸಂರಚನೆಯೇ ಒಂದು ಪ್ರೋಗ್ರಾಂ ಆಗಿರುವುದರಿಂದ, ಕಂಪೈಲರ್‌ನ ಆವೃತ್ತಿ ಬದಲಾದ ನಂತರ ಹಿಂದೆ ಸರಿಯಾಗಿದ್ದ ಕಡತವೂ ಕಂಪೈಲ್ ಆಗದೆ ಉಳಿಯಬಹುದು.

ಡೆಸ್ಕ್‌ಟಾಪ್ ಪರಿಸರಗಳಲ್ಲಿ ಉಳಿಸಿಟ್ಟ ಸೆಷನ್ ಕೂಡ ತೊಂದರೆಯ ಮೂಲವಾಗಬಲ್ಲದು. ಎಕ್ಸ್‌ಎಫ್‌ಸಿಇಯಲ್ಲಿ ವಿಂಡೋ ಮ್ಯಾನೇಜರ್ ಇಲ್ಲದ ಸ್ಥಿತಿಯಲ್ಲಿಯೇ ಸೆಷನ್ ಉಳಿದರೆ, ಮುಂದಿನ ಪ್ರತಿ ಲಾಗಿನ್‌ನಲ್ಲಿಯೂ ಶೀರ್ಷಿಕೆಪಟ್ಟಿ ಇಲ್ಲದ ಕಿಟಕಿಗಳೇ ಮರುಕಳಿಸುತ್ತವೆ. ಹೋಮ್ ಕಡತಕೋಶದ ಕ್ಯಾಶ್ ವಿಭಾಗದಲ್ಲಿರುವ ಉಳಿಸಿದ ಸೆಷನ್‌ಗಳನ್ನು ತೆಗೆದುಹಾಕಿದರೆ ಈ ಚಕ್ರ ಮುರಿಯುತ್ತದೆ.

=== ಗ್ರಾಫಿಕ್ಸ್ ಡ್ರೈವರ್ ===

ನೆರಳು, ಪಾರದರ್ಶಕತೆ ಮೊದಲಾದ ಪರಿಣಾಮಗಳನ್ನು ನೀಡುವ ಕಂಪೋಸಿಟಿಂಗ್ ವಿಂಡೋ ಮ್ಯಾನೇಜರ್‌ಗಳು ಓಪನ್‌ಜಿಎಲ್ ಸೌಲಭ್ಯವನ್ನು ಬಳಸುತ್ತವೆ. ಕರ್ನಲ್ ನವೀಕರಣವಾದ ನಂತರ ಅದಕ್ಕೆ ಹೊಂದುವ ಡ್ರೈವರ್ ಮಾಡ್ಯೂಲ್ ನಿರ್ಮಾಣವಾಗದಿದ್ದರೆ ಈ ಸೌಲಭ್ಯ ತಪ್ಪಿಹೋಗುತ್ತದೆ. ಅಂತಹ ಯಂತ್ರದಲ್ಲಿ ಟಿಡಬ್ಲ್ಯುಎಂ ಅಥವಾ ಐಸ್‌ಡಬ್ಲ್ಯುಎಂನಂತಹ ಸರಳ ವಿಂಡೋ ಮ್ಯಾನೇಜರ್ ಓಡಿ, ಮಟರ್ ಓಡದಿದ್ದರೆ ಡ್ರೈವರ್‌ನ ಮೇಲೆ ಸಂದೇಹ ಪಡಲು ಆಧಾರ ದೊರೆಯುತ್ತದೆ. ಬೂಟ್ ಮೆನುವಿನಲ್ಲಿ ಹಿಂದಿನ ಕರ್ನಲನ್ನು ಆಯ್ದು ನೋಡುವುದು ಇದನ್ನು ಖಚಿತಪಡಿಸಿಕೊಳ್ಳುವ ಸುಲಭ ಮಾರ್ಗ.

=== ಅಕ್ಷರವಿನ್ಯಾಸ ಮತ್ತು ಭಾಷಾ ಹೊಂದಾಣಿಕೆ ===

ಹಳೆಯ ವಿಂಡೋ ಮ್ಯಾನೇಜರ್‌ಗಳು ಎಕ್ಸ್ ಸರ್ವರ್ ಒದಗಿಸುವ ಬಿಟ್‌ಮ್ಯಾಪ್ ಫಾಂಟ್‌ಗಳನ್ನು ಅವಲಂಬಿಸಿವೆ. ಆ ಫಾಂಟ್ ಪ್ಯಾಕೇಜ್‌ಗಳು ಸ್ಥಾಪನೆಯಾಗದ ಯಂತ್ರದಲ್ಲಿ ಟಿಡಬ್ಲ್ಯುಎಂ 'ಫಾಂಟ್‌ಸೆಟ್ ತೆರೆಯಲಾಗುತ್ತಿಲ್ಲ' ಎಂಬರ್ಥದ ಸಂದೇಶ ನೀಡಿ ನಿಂತುಹೋಗುವುದುಂಟು. ಯುಟಿಎಫ್-8 ಆಧಾರಿತ ಭಾಷಾ ಹೊಂದಾಣಿಕೆಗಳಲ್ಲಿ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಲಿನಕ್ಸ್‌ನ ಕನ್ನಡ ಲೋಕೇಲ್ ಕೂಡ ಯುಟಿಎಫ್-8 ಆಧಾರಿತವೇ. ಬಿಟ್‌ಮ್ಯಾಪ್ ಫಾಂಟ್ ಪ್ಯಾಕೇಜ್‌ಗಳನ್ನು ಸ್ಥಾಪಿಸುವುದು ಇದಕ್ಕೆ ಪರಿಹಾರ. ಪ್ಯಾಂಗೊ ಗ್ರಂಥಾಲಯವನ್ನು ಬಳಸುವ ಈಚಿನ ವಿಂಡೋ ಮ್ಯಾನೇಜರ್‌ಗಳಿಗೆ ಈ ತೊಡಕಿಲ್ಲ. ಕನ್ನಡ ಫಾಂಟ್ ಒಂದಿದ್ದರೆ ಅವು ಶೀರ್ಷಿಕೆಪಟ್ಟಿಯಲ್ಲಿ ಒತ್ತಕ್ಷರಗಳನ್ನೂ ಸರಿಯಾಗಿ ತೋರಿಸುತ್ತವೆ.

== ದೋಷವನ್ನು ಪತ್ತೆಹಚ್ಚುವ ಕ್ರಮ ==

=== ಉಳಿಸದ ಕೆಲಸದ ರಕ್ಷಣೆ ===

ಕೆಲಸದ ನಡುವೆ ವಿಂಡೋ ಮ್ಯಾನೇಜರ್ ನಿಂತುಹೋದರೂ, ಸೆಷನ್ ಉಳಿದಿರುವವರೆಗೆ ತೆರೆದಿರುವ ತಂತ್ರಾಂಶಗಳು ಜೀವಂತವಾಗಿಯೇ ಇರುತ್ತವೆ, ಏಕೆಂದರೆ ಅವು ಸಂಪರ್ಕ ಹೊಂದಿರುವುದು ವಿಂಡೋ ಮ್ಯಾನೇಜರ್‌ನೊಂದಿಗಲ್ಲ, ಎಕ್ಸ್ ಸರ್ವರ್‌ನೊಂದಿಗೆ. ವಿಂಡೋ ಮ್ಯಾನೇಜರ್ ಇಲ್ಲದ ಸರ್ವರ್‌ನಲ್ಲಿ ಸಾಮಾನ್ಯವಾಗಿ ಮೌಸ್‌ನ ಬಾಣ ಯಾವ ಕಿಟಕಿಯ ಮೇಲಿದೆಯೋ ಆ ಕಿಟಕಿಗೆ ಕೀಲಿಮಣೆಯ ಅಕ್ಷರಗಳು ತಲುಪುತ್ತವೆ. ಬಾಣವನ್ನು ಕಿಟಕಿಯ ಮೇಲಿಟ್ಟು ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒತ್ತಿ ಕಡತವನ್ನು ಉಳಿಸಲು ಪ್ರಯತ್ನಿಸಬಹುದು. ಟರ್ಮಿನಲ್ ಒಂದು ತೆರೆದಿದ್ದರೆ ಅಲ್ಲಿಂದಲೇ ವಿಂಡೋ ಮ್ಯಾನೇಜರನ್ನು ಮರಳಿ ಆರಂಭಿಸಬಹುದು. ಯಂತ್ರದ ವಿದ್ಯುತ್ ಗುಂಡಿಯನ್ನು ಒತ್ತಿಹಿಡಿದು ನಿಲ್ಲಿಸಿದರೆ ಉಳಿಸದ ಕೆಲಸವೆಲ್ಲ ನಷ್ಟವಾಗುತ್ತದೆ. ಅದು ಕೊನೆಯ ಉಪಾಯವಾಗಿರಬೇಕು.

=== ಪಠ್ಯ ಕನ್ಸೋಲ್ ===

ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳೊಂದಿಗೆ ಎಫ್2ರಿಂದ ಎಫ್6ರವರೆಗಿನ ಒಂದು ಕೀಲಿಯನ್ನು ಒತ್ತಿದರೆ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಪಠ್ಯ ಕನ್ಸೋಲ್ ತೆರೆದುಕೊಳ್ಳುತ್ತದೆ. ಇಲ್ಲಿ ಅದೇ ಹೆಸರು, ಅದೇ ಗುಪ್ತಪದದಿಂದ ಲಾಗಿನ್ ಆಗಲು ಸಾಧ್ಯವಾದರೆ ಖಾತೆ ಮತ್ತು ಕಡತಗಳು ಸುರಕ್ಷಿತವಾಗಿವೆ ಎಂದು ತಿಳಿಯಬಹುದು. ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲಿಸುವುದೂ ಇಲ್ಲಿಂದ ಸಾಧ್ಯ. ನಂತರ 'ಡಿಎಫ್' ಆದೇಶದಿಂದ ಡಿಸ್ಕ್‌ನಲ್ಲಿ ಉಳಿದ ಜಾಗವನ್ನೂ, 'ಎಲ್ಎಸ್' ಆದೇಶದಿಂದ ಹೋಮ್ ಕಡತಕೋಶದ ಚುಕ್ಕೆ ಕಡತಗಳ ಒಡೆತನವನ್ನೂ, 'ಪಿಎಸ್' ಆದೇಶದಿಂದ ಓಡುತ್ತಿರುವ ಪ್ರಕ್ರಿಯೆಗಳನ್ನೂ ಪರಿಶೀಲಿಸಲಾಗುತ್ತದೆ.

ಕನ್ಸೋಲ್‌ನಿಂದ ನೇರವಾಗಿ ವಿಂಡೋ ಮ್ಯಾನೇಜರನ್ನು ಕರೆದಾಗ 'ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ' ಎಂಬರ್ಥದ ಸಂದೇಶ ಬರುವುದು ಸಹಜ. ಯಾವ ಪರದೆಯನ್ನು ಬಳಸಬೇಕೆಂದು ತಿಳಿಸುವ 'ಡಿಸ್‌ಪ್ಲೇ' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಕನ್ಸೋಲ್‌ನಲ್ಲಿ ಇರುವುದಿಲ್ಲ. ಓಡುತ್ತಿರುವ ಸೆಷನ್‌ನ ಮೌಲ್ಯವನ್ನು, ಸಾಮಾನ್ಯವಾಗಿ ವಿವರಣಚಿಹ್ನೆಯ ಮುಂದೆ ಸೊನ್ನೆ ಅಥವಾ ಒಂದನ್ನು, ಅದಕ್ಕೆ ನೀಡಬೇಕಾಗುತ್ತದೆ.

=== ಲಾಗ್ ಕಡತಗಳು ===

ಎಕ್ಸ್ ಸರ್ವರ್‌ನ ಲಾಗ್ ವ್ಯವಸ್ಥೆಯ ಲಾಗ್ ಕಡತಕೋಶದಲ್ಲಿ, ಅಥವಾ ಸರ್ವರ್ ಸಾಮಾನ್ಯ ಖಾತೆಯಲ್ಲಿ ಓಡುವ ವಿತರಣೆಗಳಲ್ಲಿ ಹೋಮ್ ಕಡತಕೋಶದ ಒಳಗೆ ದೊರೆಯುತ್ತದೆ. ಅದರಲ್ಲಿ ಆವರಣದೊಳಗೆ ಎರಡು 'ಇ' ಅಕ್ಷರಗಳಿಂದ ಆರಂಭವಾಗುವ ಸಾಲುಗಳು ದೋಷಗಳನ್ನೂ, ಎರಡು 'ಡಬ್ಲ್ಯು' ಅಕ್ಷರಗಳ ಸಾಲುಗಳು ಎಚ್ಚರಿಕೆಗಳನ್ನೂ ಸೂಚಿಸುತ್ತವೆ. ಎಚ್ಚರಿಕೆಗಳು ಸುಸ್ಥಿತಿಯಲ್ಲಿರುವ ಯಂತ್ರದಲ್ಲಿಯೂ ಇರುತ್ತವೆ. ವಿಂಡೋ ಮ್ಯಾನೇಜರ್‌ನ ಸ್ವಂತ ಸಂದೇಶಗಳು 'ಎಕ್ಸ್‌ಸೆಷನ್-ಎರರ್ಸ್' ಎಂಬ ಚುಕ್ಕೆ ಕಡತದಲ್ಲಿ, ಅಥವಾ ಸಿಸ್ಟಂಡಿ ಬಳಸುವ ವಿತರಣೆಗಳಲ್ಲಿ 'ಜರ್ನಲ್‌ಸಿಟಿಎಲ್' ಆದೇಶದ ಮೂಲಕ ದೊರೆಯುತ್ತವೆ. ಒಂದು ದೋಷ ಹಲವು ಸಂದೇಶಗಳನ್ನು ಹುಟ್ಟಿಸುವುದರಿಂದ, ವಿಫಲವಾದ ಆರಂಭದ ಮೊದಲ ದೋಷ ಸಂದೇಶದಿಂದಲೇ ಓದತೊಡಗಬೇಕು.

ಶೆಲ್ ನೀಡುವ ನಿರ್ಗಮನ ಸಂಖ್ಯೆಯೂ ಉಪಯುಕ್ತ ಸುಳಿವು. 127 ಎಂದರೆ ಆ ಹೆಸರಿನ ತಂತ್ರಾಂಶವೇ ಸಿಗಲಿಲ್ಲ. 126 ಎಂದರೆ ಕಡತ ಸಿಕ್ಕಿದರೂ ಜಾರಿಗೊಳಿಸಲಾಗಲಿಲ್ಲ. 139 ಎಂದರೆ ತಂತ್ರಾಂಶವು ಮೆಮೊರಿಯ ದೋಷದಿಂದ ಹಠಾತ್ತನೆ ಕೊನೆಗೊಂಡಿತು.

=== ಹೋಲಿಕೆಯ ಪರೀಕ್ಷೆ ===

ಹೊಸ ಬಳಕೆದಾರ ಖಾತೆಯೊಂದನ್ನು ಸೃಷ್ಟಿಸಿ ಅದರಿಂದ ಲಾಗಿನ್ ಆಗುವುದು ಸರಳವಾದ ಪರೀಕ್ಷೆ. ಹೊಸ ಖಾತೆಯಲ್ಲಿ ಡೆಸ್ಕ್‌ಟಾಪ್ ಬಂದರೆ ದೋಷವು ಹಳೆಯ ಖಾತೆಯ ಹೋಮ್ ಕಡತಕೋಶದಲ್ಲಿದೆ. ಬಾರದಿದ್ದರೆ ವ್ಯವಸ್ಥೆಯ ಮಟ್ಟದಲ್ಲಿದೆ. ಲಾಗಿನ್ ಪರದೆಯಲ್ಲಿ ಬೇರೊಂದು ಸೆಷನ್ ಆಯ್ಕೆ ಮಾಡಿ ನೋಡುವುದೂ ಇದೇ ಬಗೆಯ ಪರೀಕ್ಷೆ. ಸಂರಚನಾ ಕಡತಗಳನ್ನು ಅಳಿಸುವ ಬದಲು ಬೇರೆ ಹೆಸರು ನೀಡಿ ಪಕ್ಕಕ್ಕಿಡುವುದು, ಮತ್ತು ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು ಸೂಕ್ತ. ಇಲ್ಲವಾದರೆ ದೋಷ ನಿವಾರಣೆಯಾದರೂ ಅದರ ಕಾರಣ ತಿಳಿಯದೆ ಉಳಿಯುತ್ತದೆ.

== ತಪ್ಪಿಸಬೇಕಾದ ಕ್ರಮಗಳು ==

* ರೂಟ್ ಅಧಿಕಾರದೊಂದಿಗೆ 'ಸ್ಟಾರ್ಟ್‌ಎಕ್ಸ್' ಓಡಿಸುವುದು: ಇದು ತಾತ್ಕಾಲಿಕವಾಗಿ ಡೆಸ್ಕ್‌ಟಾಪ್ ತೋರಿಸಿದರೂ ಕಡತಗಳ ಒಡೆತನವನ್ನು ಕೆಡಿಸುತ್ತದೆ.
* ಹೋಮ್ ಕಡತಕೋಶದ ಎಲ್ಲ ಕಡತಗಳಿಗೂ ಎಲ್ಲರ ಅನುಮತಿ ನೀಡುವುದು: ಖಾಸಗಿ ಕಡತಗಳು ಇತರ ಖಾತೆಗಳಿಗೆ ತೆರೆದುಕೊಳ್ಳುತ್ತವೆ, ಎಸ್‌ಎಸ್‌ಎಚ್‌ನಂತಹ ತಂತ್ರಾಂಶಗಳು ಹೀಗೆ ತೆರೆದಿಟ್ಟ ಖಾಸಗಿ ಕೀಲಿ ಕಡತಗಳನ್ನು ನಿರಾಕರಿಸುತ್ತವೆ.
* 'ಎಕ್ಸ್‌ಹೋಸ್ಟ್' ಆದೇಶದಿಂದ ಸರ್ವರ್‌ನ ಪ್ರವೇಶ ನಿಯಂತ್ರಣವನ್ನು ತೆಗೆದುಹಾಕುವುದು: ಸರ್ವರನ್ನು ತಲುಪಬಲ್ಲ ಯಾವುದೇ ಕ್ಲೈಂಟ್ ಕೀಲಿಮಣೆಯ ಒತ್ತುಗಳನ್ನು ಗಮನಿಸುವ ಅವಕಾಶ ಪಡೆಯುತ್ತದೆ.

== ವೇಲ್ಯಾಂಡ್‌ನಲ್ಲಿ ==

2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ಯೋಜನೆಯಲ್ಲಿ ಸರ್ವರ್, ಕಂಪೋಸಿಟರ್ ಮತ್ತು ವಿಂಡೋ ಮ್ಯಾನೇಜರ್‌ನ ಕೆಲಸಗಳನ್ನು ಸಾಮಾನ್ಯವಾಗಿ ಒಂದೇ ತಂತ್ರಾಂಶ ನಿರ್ವಹಿಸುತ್ತದೆ. ಆದ್ದರಿಂದ ಶೀರ್ಷಿಕೆಪಟ್ಟಿ ಇಲ್ಲದ ಕಿಟಕಿಗಳು ಉಳಿಯುವ ಮಧ್ಯಮ ಸ್ಥಿತಿ ಇಲ್ಲಿಲ್ಲ. ಕಂಪೋಸಿಟರ್ ನಿಂತರೆ ಅದರೊಂದಿಗೆ ಸಂಪರ್ಕ ಹೊಂದಿದ್ದ ತಂತ್ರಾಂಶಗಳೂ ಸಾಮಾನ್ಯವಾಗಿ ಕೊನೆಗೊಳ್ಳುತ್ತವೆ. 'ಎಕ್ಸ್‌ಡಿಜಿ ರನ್‌ಟೈಮ್ ಡಿರ್' ಎಂಬ ವೇರಿಯಬಲ್ ಇಲ್ಲದಿರುವುದು ಮತ್ತು ಗ್ರಾಫಿಕ್ಸ್ ಸಾಧನವನ್ನು ಬಳಸಲು ಅನುಮತಿ ದೊರೆಯದಿರುವುದು ಕಂಪೋಸಿಟರ್ ಆರಂಭವಾಗದಿರಲು ಸಾಮಾನ್ಯ ಕಾರಣಗಳು.

== ವಿಂಡೋಸ್‌ನಲ್ಲಿ ==

ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂಬ ಹೆಸರಿನ ಅಂಗವು 2007ರಲ್ಲಿ ಬಂದ ವಿಂಡೋಸ್ ವಿಸ್ತಾದೊಂದಿಗೆ ಪರಿಚಯವಾಯಿತು. ವಿಸ್ತಾ ಮತ್ತು ವಿಂಡೋಸ್ 7ರಲ್ಲಿ ಇದು ಆರಂಭವಾಗದಿದ್ದರೆ ಪಾರದರ್ಶಕ ಚೌಕಟ್ಟುಗಳು ಮಾಯವಾಗಿ ಸರಳ ವಿನ್ಯಾಸ ಉಳಿಯುತ್ತಿತ್ತು. ವಿಂಡೋಸ್ 8ರಿಂದ ಇದನ್ನು ನಿಷ್ಕ್ರಿಯಗೊಳಿಸುವ ಅವಕಾಶವಿಲ್ಲ. ಗ್ರಾಫಿಕ್ಸ್ ಡ್ರೈವರ್‌ನ ದೋಷಗಳು ಇಲ್ಲಿಯೂ ಸಾಮಾನ್ಯ ಕಾರಣವಾಗಿದ್ದು, ಸೇಫ್ ಮೋಡ್‌ನಲ್ಲಿ ಆರಂಭಿಸಿ ಡ್ರೈವರನ್ನು ಬದಲಿಸುವುದು ಮತ್ತು ಈವೆಂಟ್ ವ್ಯೂವರ್‌ನ ದಾಖಲೆಗಳನ್ನು ಓದುವುದು ರೂಢಿಯಲ್ಲಿರುವ ಕ್ರಮಗಳು.

== ಮುನ್ನೆಚ್ಚರಿಕೆ ==

ಸಂರಚನೆಯನ್ನು ಬದಲಿಸುವ ಮೊದಲು ಮೂಲ ಕಡತದ ಪ್ರತಿಯನ್ನು ಇಟ್ಟುಕೊಳ್ಳುವುದು, ಬದಲಿಸಿದ ನಂತರ ಲಾಗ್ಔಟ್ ಆಗುವ ಮೊದಲೇ ಅದನ್ನು ಪರೀಕ್ಷಿಸುವುದು ಉತ್ತಮ ಅಭ್ಯಾಸ. ಐ3 ಮತ್ತು ಆಸಮ್‌ಗಳಲ್ಲಿ ಸಂರಚನೆಯ ವ್ಯಾಕರಣವನ್ನು ಮಾತ್ರ ಪರಿಶೀಲಿಸುವ ಆಯ್ಕೆಗಳಿವೆ. 'ಝೆಫಿರ್' ಎಂಬ ತಂತ್ರಾಂಶವು ಓಡುತ್ತಿರುವ ಡೆಸ್ಕ್‌ಟಾಪ್‌ನ ಒಂದು ಕಿಟಕಿಯೊಳಗೆ ಮತ್ತೊಂದು ಎಕ್ಸ್ ಸರ್ವರನ್ನು ತೆರೆಯುತ್ತದೆ. ಹೊಸ ವಿಂಡೋ ಮ್ಯಾನೇಜರನ್ನು ಅದರಲ್ಲಿ ಓಡಿಸಿದರೆ, ವಿಫಲವಾದರೂ ಮುಖ್ಯ ಸೆಷನ್‌ಗೆ ಧಕ್ಕೆಯಾಗುವುದಿಲ್ಲ. ಟಿಡಬ್ಲ್ಯುಎಂ ಅಥವಾ ಐಸ್‌ಡಬ್ಲ್ಯುಎಂನಂತಹ ಹಗುರವಾದ ವಿಂಡೋ ಮ್ಯಾನೇಜರ್ ಒಂದನ್ನು ಹೆಚ್ಚುವರಿಯಾಗಿ ಸ್ಥಾಪಿಸಿಕೊಂಡಿದ್ದರೆ, ಮುಖ್ಯ ಡೆಸ್ಕ್‌ಟಾಪ್ ವಿಫಲವಾದ ದಿನ ಲಾಗಿನ್ ಪರದೆಯಲ್ಲಿ ಅದನ್ನು ಆಯ್ದುಕೊಂಡು ಕೆಲಸ ಮುಂದುವರಿಸಲು ಸಾಧ್ಯವಾಗುತ್ತದೆ.

== ಇವನ್ನೂ ನೋಡಿ ==

* ಎಕ್ಸ್ ವಿಂಡೋ ವ್ಯವಸ್ಥೆ
* ಡೆಸ್ಕ್‌ಟಾಪ್ ಪರಿಸರ
* ಲಿನಕ್ಸ್
* ವೇಲ್ಯಾಂಡ್
* ಮುಕ್ತ ತಂತ್ರಾಂಶ